ಭಾನುವಾರ ಉಂಡದ್ದು, ಬುಧವಾರ ಕಾಡಿದ್ದು

ಬುಧವಾರದ ರಕ್ತಭೇದಿಗೆ ಭಾನುವಾರದ ಕೈಮಾ ಉಂಡೆ ಕಾರಣ ಎಂದು ಯಾರಿಗೆ ಹೊಳೆದೀತು? ನಡುವೆ ದಾವಣಗೆರೆಯವರು ಬೆಣ್ಣೆದೋಸೆ ತಿಂದಿರುತ್ತೇವೆ, ಮಿರ್ಚಿ-ಮಂಡಕ್ಕಿ ತಿಂದಿರುತ್ತೇವೆ, ಬೈಗುಳ ಅವಕ್ಕೇ. ಇ. ಕೋಲಿ ಒ157:ಎಚ್7 ಎಂಬ ಬ್ಯಾಕ್ಟೀರಿಯಾ ಹೊಟ್ಟೆ ಸೇರಿ ಮೂರ್ನಾಲ್ಕು ದಿನದ ಮೇಲೆ ಗುಣ ತೋರಿಸುತ್ತದೆ.

ದನ, ಕುರಿ, ಮೇಕೆಗಳ ಕರುಳಲ್ಲಿ ಅದು ತೆಪ್ಪಗಿರುತ್ತದೆ. ಚರ್ಮ ಸುಲಿಯುವಾಗ ಹಿಕ್ಕೆ, ಸಗಣಿ ತಾಗಿದರೆ ಮಾಂಸದ ಹೊರಮೈಗೆ ಅಂಟುತ್ತದೆ. ಇಡೀ ತುಂಡಾದರೆ ಹೊರಮೈ ಬೇಯುವಾಗಲೇ ಸಾಯುತ್ತದೆ. ಕೈಮಾ ಮೆಷಿನ್‌ಗೆ ಹಾಕಿದರೆ ಹೊರಗಿದ್ದದ್ದು ಒಳಗೆ ಸೇರುತ್ತದೆ. ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ನಿಂತು ನೋಡಿ: ಹಿಂದಿನವರ ಕೈಮಾದ ಚೂರು ಮೆಷಿನ್ ಬಾಯಲ್ಲಿ ಇನ್ನೂ ಅಂಟಿರುತ್ತದೆ, ನಮ್ಮದು ಅದರ ಮೇಲೆಯೇ ಬೀಳುತ್ತದೆ.

ಈ ಬ್ಯಾಕ್ಟೀರಿಯಾದ ಗುರುತು ಸಿಕ್ಕಿದ್ದು 1982ರಲ್ಲಿ, ಅಮೆರಿಕದ ಆರೆಗಾನ್, ಮಿಷಿಗನ್‌ಗಳಲ್ಲಿ ಹ್ಯಾಂಬರ್ಗರ್ ತಿಂದವರು ಮಲಗಿದಾಗ. ಜಗತ್ತು ಬೆಚ್ಚಿದ್ದು ಮಾತ್ರ 1993ರಲ್ಲಿ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಈ ಸೋಂಕನ್ನು ಆರೋಗ್ಯ ಇಲಾಖೆಗೆ ತಿಳಿಸುವುದು 1987ರಿಂದಲೇ ಕಡ್ಡಾಯವಾಗಿತ್ತು. 1993ರ ಜನವರಿಯಲ್ಲಿ ಈ ಸೋಂಕಿನಿಂದ ಕಿಡ್ನಿ ಕೆಟ್ಟ ಮಕ್ಕಳು ಒಬ್ಬರ ಹಿಂದೊಬ್ಬರು ಆಸ್ಪತ್ರೆಗೆ ಬಂದಾಗ ಒಬ್ಬ ವೈದ್ಯರು ಇಲಾಖೆಗೆ ಫೋನ್ ಮಾಡಿದರು. ಯಾರು ಎಲ್ಲಿ ಏನು ತಿಂದರು ಎಂದು ಮನೆಮನೆ ವಿಚಾರಿಸಿದಾಗ ಎಲ್ಲ ದಾರಿಯೂ ಅರೆಬೆಂದ ಬರ್ಗರ್‌ಗೇ ಹೋಗಿ ಮುಟ್ಟಿತು. ಮಾಂಸ ವಾಪಸಾಯಿತು. ಇನ್ನೊಂದು ರಾಜ್ಯ ನೆವಾಡಾದಲ್ಲೂ ಜನ ಅದನ್ನೇ ತಿಂದು ಮಲಗಿದ್ದರು. ಸುದ್ದಿ ಬಂದ ಮೇಲೆಯೇ ಅಲ್ಲಿ ಅದು ಗೊತ್ತಾದದ್ದು. 4 ರಾಜ್ಯಗಳಲ್ಲಿ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 4 ಮಕ್ಕಳು ಉಳಿಯಲಿಲ್ಲ. 1994ರಲ್ಲಿ ಅಮೆರಿಕದಲ್ಲಿ ಅರೆದ ದನದ ಮಾಂಸದಲ್ಲಿ ಈ ಬ್ಯಾಕ್ಟೀರಿಯಾ ಇದ್ದರೆ ಮಾರುವಂತಿಲ್ಲ ಎಂದಾಯಿತು. ಒಳಗಿನವರೆಗೂ 71 ಡಿಗ್ರಿ ಸೆಲ್ಸಿಯಸ್ ಕಾವು ತಾಗಬೇಕು ಎಂಬ ಸಲಹೆ ಇಂದಿಗೂ ಇದೆ.

ನಮ್ಮಲ್ಲಿ ಆಹಾರ ಸುರಕ್ಷತೆ ಕಾಯ್ದೆ 2006ರಲ್ಲಿ ಬಂತು, 2011ರಲ್ಲಿ ಪೂರ್ತಿ ಜಾರಿಯಾಯಿತು. ನಮ್ಮೂರ ಕೈಮಾ ಹೆಚ್ಚಾಗಿ ಕುರಿ-ಮೇಕೆಯದು. ಹುರಿದು, ಸಾರಲ್ಲಿ ಕುದಿಸುವ ರೂಢಿ ಬಹಳ ಮಟ್ಟಿಗೆ ನಮ್ಮನ್ನು ಕಾಪಾಡಿದೆ. ಆದರೆ ಹಸಿ ಉಂಡೆ ಕಟ್ಟಿದ ಕೈಯಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿದರೆ ಆ ಕುದಿ ಅವಕ್ಕೆ ತಾಗುವುದಿಲ್ಲ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸತ್ತಾಗ ಜಿಲ್ಲೆಗೆ ಜಿಲ್ಲೆಯೇ ಎದ್ದು ಕೂತಿತು. ಒಂದೇ ಕಡೆ, ಒಂದೇ ಹೊತ್ತಿಗೆ ಮಲಗಿದರೆ ಕಣ್ಣಿಗೆ ಬೀಳುತ್ತದೆ. ಹತ್ತು ಬಡಾವಣೆಯಲ್ಲಿ ಹತ್ತು ಮಕ್ಕಳು ಬೇರೆ ಬೇರೆ ದಿನ ಮಲಗಿದರೆ ಅದು ಬರೀ "ಹೊಟ್ಟೆ ಕೆಟ್ಟಿದೆ". ಮಲ ಪರೀಕ್ಷೆ ಮಾಡಿಸುವ ಮೊದಲೇ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಕೊಟ್ಟಿರುತ್ತೇವೆ. ಈ ಸೋಂಕಿನಲ್ಲಿ ಅದೇ ಮಾತ್ರೆ ಮಗುವಿನ ಕಿಡ್ನಿಗೆ ಕುತ್ತು ತರಬಹುದು.