‘ಮೂ’ ಅಂದರೆ ಯಾವ ಮುಖ?

ಪ್ರಶ್ನೆ: ಇಂಗ್ಲಿಷ್ ಕತೆಯೊಂದರಲ್ಲಿ ನಾಯಕಿ ‘ಮೂ’ ಮಾಡಿದಳು ಎಂದು ಬರುತ್ತದೆ. ಎಂ, ಓ, ಯು, ಇ ಎಂದು ಬರೆದಿದ್ದಾರೆ. ಅವಳು ಸಿಟ್ಟಾದಳು ಅಂತ ಅರ್ಥವೇ? ಈ ಪದ ಬಂದದ್ದು ಎಲ್ಲಿಂದ?

ಉತ್ತರ: ಕನ್ನಡಿ ಮುಂದೆ ನಿಂತು ‘ಮೂ’ ಎಂದು ಎಳೆದು ಹೇಳಿ ನೋಡಿ. ತುಟಿಗಳು ಮೊದಲು ಸೇರುತ್ತವೆ, ಆಮೇಲೆ ದುಂಡಗಾಗಿ ಮುಂದಕ್ಕೆ ಬರುತ್ತವೆ. ಆ ಮುಖವೇ ‘ಮೂ’! ಪದವನ್ನು ಹೇಳಿದರೆ ಅದರ ಅರ್ಥ ಬಾಯಲ್ಲೇ ಕಾಣಿಸುತ್ತದೆ. ನನಗೆ ಈ ಪದ ಇಷ್ಟವಾಗುವುದು ಅದಕ್ಕೇ.

ಸಿಟ್ಟು ಅನ್ನುವಷ್ಟು ದೊಡ್ಡ ಭಾವ ಇದರಲ್ಲಿಲ್ಲ. ‘ಆಟ ಸಾಕು, ಮನೆಗೆ ನಡಿ’ ಎಂದಾಗ ಮಗು ತುಟಿ ಉಬ್ಬಿಸುತ್ತದೆ, ಅಲ್ವಾ? ಅಂಥದ್ದು. ಬೇಸರ, ಸಣ್ಣ ಅಸಮಾಧಾನ, ಕೆಲವೊಮ್ಮೆ ಸುಮ್ನೆ ಹುಸಿಮುನಿಸು. ಬಂದಷ್ಟೇ ಬೇಗ ಹೋಗಿಬಿಡುತ್ತದೆ.

ಪದ ಫ್ರೆಂಚಿನದು. ತುಟಿ ಉಬ್ಬಿಸುವುದಕ್ಕೆ ಫ್ರೆಂಚರು ಇವತ್ತಿಗೂ ‘ಫೇರ್ ಲಾ ಮೂ’ ಅನ್ನುತ್ತಾರೆ. ಅವರಿಗೆ ಇದು ಸಿಕ್ಕಿದ್ದು ಜರ್ಮನ್, ಡಚ್ ಭಾಷೆಗಳ ಬಳಗದಿಂದ. ಅಲ್ಲಿ ಅದು ಮುಂದಕ್ಕೆ ಚಾಚಿದ ತುಟಿಯ ಹೆಸರು. ನಮ್ಮ ‘ಮೂತಿ’ಗೂ ಇದಕ್ಕೂ ನಂಟಿಲ್ಲ, ದನಿ ಹೊಂದಿಕೊಂಡಿದೆ ಅಷ್ಟೇ.

ಇಂಗ್ಲಿಷಿನವರು ಈ ಪದವನ್ನು ಎರಡು ಸಲ ಕಡ ತಂದರು. ಮಧ್ಯಯುಗದಲ್ಲಿ ತಂದದ್ದು ‘ಮೋ’ ಆಯಿತು. ಹುಲ್ಲು ಕೊಯ್ಯುವ ‘ಮೋ’ಗೂ ಅದೇ ಕಾಗುಣಿತ, ಆದರೆ ಅದು ಬೇರೆಯೇ ಪದ. ಈ ‘ಮೋ’ದಲ್ಲಿ ಮುನಿಸು ಹಿಂದೆ ಸರಿದು ಅಣಕ ಮುಂದೆ ಬಂತು. ಕೋತಿ ಹಲ್ಲು ಕಿರಿದು ಅಣಕಿಸುತ್ತದಲ್ಲ, ಆ ಬಗೆಯ ಮುಖ. ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕ 1611ರಲ್ಲಿ ಅರಮನೆಯಲ್ಲಿ ಆಡಲ್ಪಟ್ಟಿತ್ತು. ಅದರಲ್ಲಿ ಮಾಂತ್ರಿಕ ಪ್ರಾಸ್ಪೆರೋನ ಆಳು ಕ್ಯಾಲಿಬಾನ್ ದೂರುವುದೇ ಇದನ್ನು: ಒಡೆಯನ ದೆವ್ವಗಳು ಕೋತಿಗಳ ಹಾಗೆ ತನ್ನನ್ನು ನೋಡಿ ‘ಮೋ’ ಮಾಡುತ್ತವಂತೆ. ಅದೇ ನಾಟಕದಲ್ಲಿ ಪ್ರಾಸ್ಪೆರೋನ ಮಾತು ಕೇಳುವ ಮಾಯಾಜೀವಿ ಏರಿಯಲ್ ಈ ಪದವನ್ನು ‘ಗೋ’, ‘ಟೋ’ ಪದಗಳ ಜೊತೆ ಪ್ರಾಸಕ್ಕೆ ಕೂರಿಸುತ್ತಾನೆ.

ಮುಂದೆ ಆ ‘ಮೋ’ ಬಳಕೆ ತಪ್ಪುತ್ತಾ ಬಂತು. 19ನೇ ಶತಮಾನದಲ್ಲಿ ಇಂಗ್ಲಿಷ್ ಬರಹಗಾರರು ಮತ್ತೆ ಫ್ರೆಂಚಿನ ಮನೆಗೇ ಹೋಗಿ ‘ಮೂ’ ತಂದರು. ಈ ಸಲ ಫ್ರೆಂಚ್ ಕಾಗುಣಿತ, ಫ್ರೆಂಚ್ ಉಚ್ಚಾರ ಎರಡನ್ನೂ ಹಾಗೇ ಉಳಿಸಿಕೊಂಡರು. ಅಣಕ ಹೋಗಿ ನಯವಾದ ಮುನಿಸು ಮರಳಿ ಬಂತು. ನಿಮ್ಮ ಕತೆಯ ನಾಯಕಿ ಮಾಡಿದ್ದು ಇದನ್ನೇ.

ಹತ್ತಿರದ ಇನ್ನೊಂದು ಪದ ಹೇಳಲೇಬೇಕು. ಮುನಿಸಿಕೊಳ್ಳುವುದಕ್ಕೆ ಫ್ರೆಂಚಿನಲ್ಲಿ ‘ಬೂಡೆ’ ಎಂಬ ಕ್ರಿಯಾಪದವಿದೆ. ಅದರಿಂದ ಹುಟ್ಟಿದ್ದೇ ‘ಬೂಡ್ವಾರ್’. ಹೆಂಗಸರ ಖಾಸಗಿ ಕೋಣೆಗೆ ಇಂಗ್ಲಿಷಿನಲ್ಲೂ ಅದೇ ಹೆಸರು. ಪದ ಬಿಡಿಸಿದರೆ ಮುನಿಸಿಕೊಂಡು ಕೂರುವ ಜಾಗ! ರಾಮಾಯಣ ಕೇಳಿ ಬೆಳೆದ ನಮಗೆ ಕೈಕೇಯಿಯ ಕ್ರೋಧಾಗಾರ ನೆನಪಾಗದೆ ಇರುತ್ತದೆಯೇ? ಆದರೆ ಕೈಕೇಯಿ ಮಾಡಿದ್ದು ‘ಮೂ’ ಅಲ್ಲ. ಒಡವೆ ಕಿತ್ತೆಸೆದು ನೆಲದ ಮೇಲೆ ಬಿದ್ದುಕೊಂಡವಳ ಕೋಪಕ್ಕೆ ಈ ಪದ ತೀರಾ ಚಿಕ್ಕದು.

ಹಾಗಾಗಿ ಕನ್ನಡಕ್ಕೆ ತರುವಾಗ ‘ಮುಖ ಗಂಟಿಕ್ಕಿದಳು’ ಬೇಡ. ಅಲ್ಲಿ ಗಂಟು ಬೀಳುವುದು ಹುಬ್ಬಿನಲ್ಲಿ, ಸಿಟ್ಟೂ ಜಾಸ್ತಿ. ‘ತುಟಿ ಉಬ್ಬಿಸಿದಳು’ ಸರಿಯಾಗಿ ಕೂರುತ್ತದೆ. ಸಲುಗೆಯ ಮಾತಾದರೆ ‘ಮೂತಿ ಉಬ್ಬಿಸಿದಳು’ ಎಂದರೂ ಆಗುತ್ತದೆ.