ಮಳೆ ನಿಂತರೂ ಚಿತ್ರ ಬರದಿದ್ದರೆ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಿಂದ ನನಗೆ ಬರುವ ದೂರು ಒಂದೇ: ಡಿಶ್ ಕೆಟ್ಟಿದೆ. ಮಳೆ ಬಿಟ್ಟ ಮೇಲೆ ಚಿತ್ರ ಮರಳುತ್ತದೆಯೇ ಎಂದು ಮೊದಲು ಕೇಳುತ್ತೇನೆ. ಜೋರು ಮಳೆಯಲ್ಲಿ ಉಪಗ್ರಹದ ಸಂಕೇತ ಸೊರಗುವುದು ಸಹಜ, ಅದು ತಾನಾಗಿಯೇ ಸರಿಹೋಗುತ್ತದೆ. ಬಿಸಿಲು ಬಿದ್ದರೂ ಪರದೆ ಖಾಲಿಯಿದ್ದರೆ ಡಿಶ್ ಅಲುಗಿಸುವ ಮೊದಲು ಎಲ್‌ಎನ್‌ಬಿಯ, ಅಂದರೆ ಡಿಶ್‌ನ ಮುಂದೆ ಸಂಕೇತ ಹಿಡಿಯುವ ಪುಟ್ಟ ಸಾಧನದ, ಎಫ್ ಕನೆಕ್ಟರ್ (ಕೇಬಲ್ ತುದಿಯನ್ನು ಅದಕ್ಕೆ ಸೇರಿಸುವ ಲೋಹದ ಜೋಡಣೆ) ಬಿಚ್ಚಿ ನೋಡುತ್ತೇನೆ. ಹೆಚ್ಚಿನ ಸಲ ಅಲ್ಲಿ ಹಸಿರು ಕಿಲುಬು ಕೂತಿರುತ್ತದೆ.

ಈ ಬಗೆಯ ಕನೆಕ್ಟರ್‌ಗೆ ಸಾಮಾನ್ಯವಾಗಿ ಸ್ವಂತ ಪಿನ್ ಇರುವುದಿಲ್ಲ. ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್‌ನ ನಡುವಿನ ತಂತಿಯೇ, ಸುಮಾರು 1 ಮಿಲಿಮೀಟರ್ ದಪ್ಪದ್ದು, ಪಿನ್ ಆಗುತ್ತದೆ. ಬಹಳಷ್ಟು ಕೇಬಲ್‌ಗಳಲ್ಲಿ ಅದು ತಾಮ್ರದ ತೆಳು ಹೊದಿಕೆಯ ಉಕ್ಕು. 950ರಿಂದ 2150 ಮೆಗಾಹರ್ಟ್ಸ್‌ನ ಸಂಕೇತ ಆ ತಾಮ್ರದ ಹೊರಮೈಯಲ್ಲೇ, ಕೆಲವೇ ಮೈಕ್ರಾನ್ ಆಳದಲ್ಲಿ ಹರಿಯುತ್ತದೆ. ಹಾಗಾಗಿ ಅಡುಗೆಮನೆಯ ಚಾಕುವಿನಲ್ಲಿ ಕೇಬಲ್ ಸುಲಿದು ತಂತಿ ಗೀರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗೀರು ಬಿದ್ದಲ್ಲಿ ಉಕ್ಕು ಬಯಲಾಗಿ ತುಕ್ಕು ಹಿಡಿಯುತ್ತದೆ. ಎರಡು ಅಲಗಿನ ಸ್ಟ್ರಿಪ್ಪರ್ ಒಂದನ್ನು ದಯವಿಟ್ಟು ಕೊಳ್ಳಿ.

ಕಿಲುಬು ಹಿಡಿದ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುವಾಗ ತುದಿಯ 6 ಮಿಲಿಮೀಟರ್ ತಂತಿ ಬರಿದಾಗಬೇಕು. ಅದರ ಹಿಂದಿನ ಅಷ್ಟೇ ಉದ್ದದಲ್ಲಿ ಹೊರಗವಚ ಮಾತ್ರ ಹೋಗಬೇಕು. ನಡುತಂತಿಯನ್ನು ಸುತ್ತುವರಿದ ಬಿಳಿ ನೊರೆಗೆ (ಫೋಮ್) ಅಂಟಿದ ಫಾಯಿಲ್ ಅಲ್ಲೇ ಇರಲಿ, ಜಾಲರಿಯ ಎಳೆಗಳನ್ನು ಕವಚದ ಮೇಲೆ ಹಿಂದಕ್ಕೆ ಮಡಚಿ. ಕೂದಲಿನಂಥ ಒಂದೇ ಎಳೆ ನಡುತಂತಿಗೆ ತಾಗಿದರೂ ಸಾಕು, ಸೆಟ್-ಟಾಪ್ ಬಾಕ್ಸ್‌ನಿಂದ ಎಲ್‌ಎನ್‌ಬಿಗೆ ಹೋಗುವ 13 ಅಥವಾ 18 ವೋಲ್ಟ್ ಶಾರ್ಟ್ ಆಗುತ್ತದೆ.

ಇನ್ನು ಕನೆಕ್ಟರ್ ಒತ್ತುವುದು. ಕೈ ಸೋಲುವುದು ಇಲ್ಲಿಯೇ. ಒಳಗಿನ ತಳಕ್ಕೆ ಬಿಳಿ ನೊರೆ ಸಮವಾಗಿ ಬಂದು ಕಾಣುವವರೆಗೂ ತಳ್ಳಬೇಕು. ಅರ್ಧಕ್ಕೆ ನಿಲ್ಲಿಸಿದರೆ ಕೇಬಲ್ಲಿಗೂ ಕನೆಕ್ಟರ್‌ಗೂ ಒಂದೇ ಇರಬೇಕಾದ 75 ಓಮ್‌ನ ಇಂಪೀಡೆನ್ಸ್ ಹೊಂದಿಕೆ ಅಲ್ಲಿಯೇ ಕೆಡುತ್ತದೆ, ಸಂಕೇತದ ಒಂದು ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ತಂತಿ ನಟ್ಟಿನ ಅಂಚಿಗಿಂತ ಒಂದೆರಡು ಮಿಲಿಮೀಟರ್ ಮುಂದಿದ್ದರೆ ಸರಿ.

ತಿರುಪಿ ಹಾಕುವ ಕನೆಕ್ಟರ್ ಅಗ್ಗ, ಉಪಕರಣವೂ ಬೇಡ. ಆದರೆ ಹೊರಗಿನ ಜೋಡಣೆಗೆ ನಾನು ಉಪಕರಣದಿಂದ ಅದುಮಿ ಕೂರಿಸುವ ಕಂಪ್ರೆಷನ್ ಬಗೆಯದನ್ನಷ್ಟೇ ಬಳಸುತ್ತೇನೆ. ಅದು ಕವಚವನ್ನು ಸುತ್ತಲೂ ಒಂದೇ ಸಮ ಬಿಗಿಯುವುದರಿಂದ ನೀರು ನುಸುಳುವುದು ಕಷ್ಟ. ಹುಳಿ ವಾಸನೆಯ ಸಿಲಿಕೋನ್ ಮೆತ್ತಬೇಡಿ. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ತನ್ನಷ್ಟಕ್ಕೆ ಬೆಸೆಯುವ ರಬ್ಬರ್ ಟೇಪ್ ಸುತ್ತಿ, ಕನೆಕ್ಟರ್‌ನ ಕೆಳಗೆ ಕೇಬಲ್ ಒಮ್ಮೆ ಜೋತು ಮೇಲೇರುವಂತೆ ಬಿಡಿ. ಹರಿದು ಬಂದ ನೀರು ಆ ಬಾಗಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ.