ಆ ದುಬಾರಿ ಇಂಜೆಕ್ಷನ್ ಮತ್ತು ಜೀವಕೋಶಗಳ ಕೂಗು

ಕೋವಿಡ್ ಕಾಲದಲ್ಲಿ ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿವರೆಗೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಟೊಸಿಲಿಜುಮಾಬ್ ಎಂಬ ಇಂಜೆಕ್ಷನ್ ಎಲ್ಲಿ ಸಿಗುತ್ತದೆ ಅಂತ ಜನ ಕೇಳುತ್ತಲೇ ಇದ್ದರು. ಆಗ ಅದರ ಬೆಲೆ ಸುಮಾರು 40,000 ರೂಪಾಯಿ. ಅದು ವೈರಸ್ಸನ್ನು ಕೊಲ್ಲುತ್ತದೆ ಎಂದೇ ಅನೇಕರು ನಂಬಿದ್ದರು. ಆದರೆ ಅದು ತಡೆಯುವುದು ನಮ್ಮದೇ ಜೀವಕೋಶಗಳ ಒಂದು ಸಂದೇಶವನ್ನು.

ಈ ಸಂದೇಶಗಳ ಕಥೆ ಹಳೆಯದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ವಿಜ್ಞಾನಿ ಮೆಚ್ನಿಕೋವ್ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. (ಅವರ ಶಿಷ್ಯ ಹಾಫ್‌ಕಿನ್ ಪ್ಲೇಗ್ ಲಸಿಕೆ ತಯಾರಿಸಿದ್ದು ನಮ್ಮ ಮುಂಬಯಿಯಲ್ಲೇ. ಪರೇಲ್‌ನ ಸಂಸ್ಥೆಗೆ ಅವರದೇ ಹೆಸರು.) ಮುಳ್ಳಿನ ಬಳಿಗೆ ಆ ಜೀವಕೋಶಗಳನ್ನು ಕರೆದದ್ದು ಯಾವುದು? ತಿಳಿಯಲು ನೂರು ವರ್ಷ ಹಿಡಿಯಿತು. ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಪ್ರೋಟೀನುಗಳು ಒಂದೊಂದಾಗಿ ಸಿಕ್ಕವು: 1957ರಲ್ಲಿ ಇಂಟರ್‌ಫೆರಾನ್, 1986ರಲ್ಲಿ ಐಎಲ್-6ರ (ಐಎಲ್ ಅಂದರೆ ಇಂಟರ್‌ಲ್ಯೂಕಿನ್) ಜೀನ್, 1987ರಲ್ಲಿ ಐಎಲ್-8.

ಐಎಲ್-8ರ ಕೆಲಸ ನೋಡಿ. ಗಾಯದ ಜಾಗದಿಂದ ಹೊರಟು ರಕ್ತನಾಳದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಹೋಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಗೋಡೆಯ ಮೇಲೆ ಉರುಳುತ್ತಾ ನಿಧಾನವಾಗುತ್ತದೆ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಸಂದಿಯಲ್ಲಿ ನುಸುಳಿ ಹೊರಬರುತ್ತದೆ. ಆಮೇಲೆ ಸಂಕೇತ ಎಲ್ಲಿ ಜಾಸ್ತಿಯೋ ಆ ಕಡೆಗೇ ತೆವಳುತ್ತದೆ.

ಐಎಲ್-6 ಮಾತ್ರ ದೂರಕ್ಕೂ ಕೂಗುತ್ತದೆ. ಜ್ವರ ಬರಿಸುತ್ತದೆ, ಲಿವರ್‌ಗೆ ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸಲು ಹೇಳುತ್ತದೆ. ರಕ್ತಪರೀಕ್ಷೆಯಲ್ಲಿ ಉರಿಯೂತವನ್ನು ಅಳೆಯುವುದು ಇದರಿಂದಲೇ. ಈ ಕೂಗು ನಿಲ್ಲದೇ ಹೋದರೆ ಸೋಂಕಿಗಿಂತ ಉರಿಯೂತವೇ ಶ್ವಾಸಕೋಶವನ್ನು ಕೆಡಿಸಬಹುದು. ಟೊಸಿಲಿಜುಮಾಬ್ ಐಎಲ್-6 ಬಂದು ಕೂರುವ ಜಾಗವನ್ನೇ ಮುಚ್ಚುತ್ತದೆ. ಆಗ ಸಿಆರ್‌ಪಿ ಸರ್ರನೆ ಇಳಿಯುತ್ತದೆ. ರಿಪೋರ್ಟ್ ಹಿಡಿದು ಕೂತ ಮನೆಯವರಿಗೆ ಜೀವ ಬಂದಂತಾಗುತ್ತಿತ್ತು. ಆದರೆ ಆ ಅಂಕಿ ಇಳಿಯುವುದು ಔಷಧದ ಗುಣ. ರೋಗಿ ಚೇತರಿಸಿಕೊಂಡರು ಅಂತ ಅದರಿಂದಲೇ ಹೇಳಲಾಗದು. ಇಷ್ಟನ್ನು ಮನೆಯವರಿಗೆ ಯಾರಾದರೂ ಕೂರಿಸಿ ಹೇಳಬೇಕಿತ್ತು, ಅಲ್ವಾ? ಎಷ್ಟೋ ಮನೆಗಳಿಗೆ ಸಿಕ್ಕಿದ್ದು ಬರೀ ಒಂದು ಔಷಧದ ಚೀಟಿ.

2021ರಲ್ಲಿ ಈ ಔಷಧವನ್ನು ಕೋವಿಡ್ ರೋಗಿಗಳಲ್ಲಿ ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂತು. ಆಕ್ಸಿಜನ್ ಬೇಕಾದ, ಉರಿಯೂತ ಏರಿದ ರೋಗಿಗಳಲ್ಲಿ ಸಾವು 100ಕ್ಕೆ 35ರಿಂದ 31ಕ್ಕೆ ಇಳಿದಿತ್ತು. ಅವರಲ್ಲಿ ಹೆಚ್ಚಿನವರು ಅಗ್ಗದ ಸ್ಟೀರಾಯ್ಡ್ ಕೂಡ ಪಡೆಯುತ್ತಿದ್ದರು. ಲಾಭ ನಿಜ, ಆದರೆ ಅದು ಎಲ್ಲ ರೋಗಿಗಳಿಗೂ ಬೇಕಾದ ಔಷಧವಾಗಿರಲಿಲ್ಲ.

2023ರಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆಗೆ ದೇಶದಲ್ಲಿ ಅನುಮತಿ ಸಿಕ್ಕಿತು. ರೋಗಿಯ ಟಿ ಕೋಶಗಳನ್ನೇ ಬದಲಿಸಿ ರಕ್ತದ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ ಇದು. ಇಲ್ಲೂ ಕೂಗು ಮಿತಿ ಮೀರಬಹುದು. ಹಾಗಾಗಿ ಕಾರ್-ಟಿ ಕೊಡುವ ಮೊದಲೇ ವಾರ್ಡಿನಲ್ಲಿ ಟೊಸಿಲಿಜುಮಾಬ್ ತಂದಿಟ್ಟುಕೊಳ್ಳುವುದು ವೈದ್ಯರ ರೂಢಿ.